‘ವಿಷಯದ ಸಹಿ’ ಅಂದರೆ ಯಾರ ಸಹಿ, ಸ್ವಾಮಿ?



ನಾನು ಡಾಕ್ಟರಲ್ಲ, ವಿಜ್ಞಾನಿಯೂ ಅಲ್ಲ. ಪಿ.ಯು.ಸಿ. ಮುಗಿಸಿ ಪ್ರೆಸ್ಸಿನ ಮಸಿ ಮೈಗೆ ಮೆತ್ತಿಕೊಂಡವನು. ಮದುವೆ ಪತ್ರಿಕೆ, ಬಿಲ್ ಬುಕ್ಕು, ನವೆಂಬರ್ ಬಂತೆಂದರೆ ರಾಜ್ಯೋತ್ಸವದ ಕರಪತ್ರ. ಇದೇ ನನ್ನ ಬದುಕು. ಆದರೆ ಅಕ್ಷರ ನೋಡಿ ನೋಡಿ ಒಂದು ವಿದ್ಯೆ ಬಂದಿದೆ. ಯಾವ ಕಾಗದ ಜನ ಓದಲೆಂದು ಅಚ್ಚಾಗುತ್ತದೆ, ಯಾವ ಕಾಗದ ಜನ ಓದದಿರಲಿ ಎಂದೇ ಅಚ್ಚಾಗುತ್ತದೆ ಎಂಬುದನ್ನು ಪ್ರೂಫ್ ಕೈಗೆ ಬಂದ ಕೂಡಲೇ ಹೇಳಬಲ್ಲೆ. ಎರಡನೆಯ ಜಾತಿಯ ಕಾಗದವೊಂದರ ಕಥೆ ಕೇಳಿ.

ಕೆಲವು ವರ್ಷಗಳ ಹಿಂದೆ ಒಬ್ಬ ಹುಡುಗ ಪೆನ್‌ಡ್ರೈವ್ ಹಿಡಿದು ನನ್ನ ಪ್ರೆಸ್ಸಿಗೆ ಬಂದ. ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಎರಡು ಮೊಬೈಲು. ಕ್ಷಯರೋಗದ ಮೇಲೆ ನಡೆಯುವ ಒಂದು ಸಂಶೋಧನೆಗೆ ರೋಗಿಗಳ ಒಪ್ಪಿಗೆ ಪತ್ರ ಬೇಕು. ಹನ್ನೊಂದು ಪುಟ, ಐನೂರು ಪ್ರತಿ, ನಾಳಿದ್ದಕ್ಕೆ. ಯಾವ ಆಸ್ಪತ್ರೆ ಎಂದು ಇಲ್ಲಿ ಬರೆಯುವುದಿಲ್ಲ. ಒಂದು ಹೆಸರು ಬರೆದರೆ ಉಳಿದವರೆಲ್ಲ ತಾವು ಬಚಾವಾದೆವೆಂದು ಮೀಸೆ ತಿರುವುತ್ತಾರೆ.

ಪತ್ರ ಕನ್ನಡದಲ್ಲೇ ಇತ್ತು. ಲಿಪಿ ಕನ್ನಡ, ಒತ್ತಕ್ಷರ ಕನ್ನಡ. ಆದರೆ ಒಳಗಿದ್ದದ್ದೇನು? ‘ನೀವು ಒಂದು ಯಾದೃಚ್ಛೀಕೃತ, ದ್ವಿ-ಅಂಧ, ನಿಯಂತ್ರಿತ ವಿಚಾರಣೆಯಲ್ಲಿ ಪಾಲ್ಗೊಳ್ಳಲು ಆಹ್ವಾನಿಸಲ್ಪಟ್ಟಿರುತ್ತೀರಿ. ನೀವು ಎರಡು ತೋಳುಗಳಲ್ಲಿ ಒಂದಕ್ಕೆ ನಿಯೋಜಿಸಲ್ಪಡುವಿರಿ.’

ನಮ್ಮ ಪ್ರೆಸ್ಸಿನಲ್ಲಿ ಪುಟ ಜೋಡಿಸಿ ಪಿನ್ ಹೊಡೆಯುವ ಅಕ್ಕ ಒಬ್ಬರಿದ್ದಾರೆ. ಏಳನೇ ಕ್ಲಾಸು ಓದಿದವರು, ದಿನಾ ಪೇಪರ್ ಓದುವವರು. ಅವರು ಮೊದಲ ಪುಟ ಓದಿ ನನ್ನ ಮುಖ ನೋಡಿ ಕೇಳಿದರು: “ಅಣ್ಣಾ, ಇದು ಕೋರ್ಟ್ ಕೇಸಿಂದಾ, ಕಣ್ಣಾಸ್ಪತ್ರೆದಾ? ತೋಳು ಅಂತ ಬೇರೆ ಇದೆ!”

ನಗಬೇಡಿ. ಆ ಅಕ್ಕನಿಗೆ ಬುದ್ಧಿ ಕಡಿಮೆಯಲ್ಲ. ವಿಚಾರಣೆ ಎಂದರೆ ಕೋರ್ಟು. ಅಂಧ ಎಂದರೆ ಕುರುಡು. ತೋಳು ಎಂದರೆ ತೋಳು. ಆಕೆ ಕನ್ನಡವನ್ನು ಸರಿಯಾಗಿಯೇ ಓದಿದರು, ಬರೆದವನೇ ಕನ್ನಡದಲ್ಲಿ ಬರೆದಿರಲಿಲ್ಲ. ಇಂಗ್ಲಿಷಿನಲ್ಲಿ ಸಂಶೋಧನೆಯ ಒಂದೊಂದು ಗುಂಪನ್ನು ‘ಆರ್ಮ್’ ಎನ್ನುತ್ತಾರಂತೆ. ಯಾರೋ ಪುಣ್ಯಾತ್ಮ ನಿಘಂಟು ತೆಗೆದು ನೋಡಿ ತೋಳು ಎಂದು ಬರೆದ. ಮುಗಿಯಿತು ಅವನ ಕನ್ನಡ ಸೇವೆ.

ಕೊನೆಯ ಪುಟಕ್ಕೆ ಬಂದಾಗ ನನ್ನ ನಗೆಯೂ ನಿಂತಿತು. ಸಹಿ ಮಾಡುವ ಜಾಗದಲ್ಲಿ ಅಚ್ಚಾಗಬೇಕಿದ್ದ ಸಾಲು ಇದು: ‘ವಿಷಯದ ಸಹಿ ಅಥವಾ ಹೆಬ್ಬೆಟ್ಟಿನ ಗುರುತು’. ಯಾವ ಮನುಷ್ಯನ ಮೇಲೆ ಔಷಧಿ ಪ್ರಯೋಗ ಮಾಡುತ್ತಾರೋ ಅವನನ್ನು ಇಂಗ್ಲಿಷಿನಲ್ಲಿ ‘ಸಬ್ಜೆಕ್ಟ್’ ಎನ್ನುತ್ತಿದ್ದರು. ಸಬ್ಜೆಕ್ಟ್ ಅಂದರೆ ವಿಷಯ. ಗಣಿತ ಒಂದು ವಿಷಯ, ಸಮಾಜ ಒಂದು ವಿಷಯ, ಕೆಮ್ಮಿ ಕೆಮ್ಮಿ ಎದೆಗೂಡು ಬಿದ್ದುಹೋದ ನಮ್ಮೂರಿನ ಮುದುಕಪ್ಪನೂ ಒಂದು ವಿಷಯ! ಅವನು ಹೆಬ್ಬೆಟ್ಟು ಒತ್ತಬೇಕು, ಬೆರಳಿನ ಮಸಿಯನ್ನು ತಲೆಗೂದಲಿಗೆ ಸವರಿಕೊಂಡು ಎದ್ದು ಹೋಗಬೇಕು. ಅದಕ್ಕೆ ಇವರು ‘ತಿಳಿದು ಕೊಟ್ಟ ಒಪ್ಪಿಗೆ’ ಎಂದು ಹೆಸರಿಡುತ್ತಾರೆ.

ಒಂದು ವಿಚಿತ್ರ ನೋಡಿ. ವೈದ್ಯಕೀಯ ಸಂಶೋಧನೆಯ ನೀತಿಗೆ ಜಗತ್ತೆಲ್ಲ ಹಿಡಿಯುವ ಹೆಲ್ಸಿಂಕಿ ಘೋಷಣೆ ಎಂಬುದಿದೆ. 1964ರಲ್ಲಿ ಹುಟ್ಟಿದ್ದು. ಅದನ್ನು ತಿದ್ದುವವರು 2024ರಲ್ಲಿ ‘ಸಬ್ಜೆಕ್ಟ್’ ಎಂಬ ಪದವನ್ನೇ ಕಿತ್ತು ‘ಪಾಲ್ಗೊಳ್ಳುವವರು’ ಎಂಬರ್ಥದ ಪದ ಹಾಕಿದರು. ಇಂಗ್ಲಿಷಿನವರಿಗೇ ನಾಚಿಕೆಯಾಯಿತು. ನಮ್ಮ ದೇಶದ 2019ರ ನಿಯಮಗಳಲ್ಲಿ ‘ಟ್ರಯಲ್ ಸಬ್ಜೆಕ್ಟ್’ ಎಂದೇ ಇದೆ.

ನಾನು ಆ ಹುಡುಗನಿಗೆ ಫೋನ್ ಹಾಕಿದೆ. ಇದನ್ನು ತಿದ್ದಿಕೊಡುತ್ತೇನೆ, ದುಡ್ಡು ಬೇಡ ಎಂದೆ. “ಸಾರ್, ಕಮಿಟಿ ಅಪ್ರೂವ್ ಆಗಿದೆ. ಒಂದಕ್ಷರ ಮುಟ್ಟೋ ಹಾಗಿಲ್ಲ” ಎಂದ. ಅವನು ಹೇಳಿದ್ದು ಸರಿಯೇ. ನೀತಿ ಸಮಿತಿ ಒಪ್ಪಿದ ಪತ್ರಕ್ಕೆ ಒಂದು ನಂಬರು, ಒಂದು ತಾರೀಖು ಇರುತ್ತದೆ. ಆಮೇಲೆ ಯಾರೂ ಕೈಯಾಡಿಸಬಾರದು. ಒಳ್ಳೆಯ ನಿಯಮ. ಹಾಗಾದರೆ ಒಪ್ಪಿದ ಆ ಮಹನೀಯರಲ್ಲಿ ಒಬ್ಬರಾದರೂ ಈ ಕನ್ನಡವನ್ನು ಬಾಯಿಬಿಟ್ಟು ಓದಿದ್ದರೇ? ಓದಿದ್ದರೆ ‘ವಿಷಯದ ಸಹಿ’ ಅವರ ಗಂಟಲಲ್ಲಿ ಸಿಕ್ಕಿಕೊಳ್ಳಲಿಲ್ಲವೇ?

ನಾನು ಏನು ಮಾಡಿದೆ ಎಂದು ಕೇಳುತ್ತೀರಿ. ಅಚ್ಚು ಹಾಕಿದೆ. ಐನೂರು ಪ್ರತಿ ಕಟ್ಟಿ ಕಳಿಸಿದೆ, ದುಡ್ಡು ಎಣಿಸಿಕೊಂಡೆ. ಪೇಪರ್ ಅಂಗಡಿಯವನ ಬಾಕಿ ಇತ್ತು. ಈ ಪಾಪದಲ್ಲಿ ನನ್ನ ಪಾಲೂ ಇದೆ, ಅದಕ್ಕೇ ಬರೆಯುತ್ತಿದ್ದೇನೆ.

ಸಂಶೋಧನೆಯೇ ಬೇಡ ಎನ್ನುವವನಲ್ಲ ನಾನು

‘ಬಡವರನ್ನು ಇಲಿ ಮಾಡುತ್ತಾರೆ, ಓಡಿಸಿ ಇವರನ್ನು!’ ಎಂದು ಕೂಗಲು ನಮ್ಮಲ್ಲಿ ಎಷ್ಟೋ ಜನ ತಯಾರಾಗಿ ನಿಂತಿದ್ದಾರೆ. ನಾನು ಆ ಸಾಲಿನಲ್ಲಿ ನಿಲ್ಲುವುದಿಲ್ಲ. ಯಾಕೆಂದರೆ ಈ ಪ್ರಯೋಗಗಳು ನಡೆಯದೇ ಇದ್ದಿದ್ದರೆ ನಮ್ಮ ನಿಮ್ಮ ಮನೆಯವರೇ ಎಷ್ಟೋ ಮಂದಿ ಮಣ್ಣಾಗುತ್ತಿದ್ದರು.

ಕ್ಷಯ ಬಂದರೆ ಹಿಂದೆ ಸ್ಯಾನಟೋರಿಯಂ ಎಂಬ ಊರಾಚೆಯ ಆಸ್ಪತ್ರೆಗೆ ಹೋಗಿ ತಿಂಗಳುಗಟ್ಟಲೆ ಮಲಗಬೇಕಿತ್ತು. ಒಳ್ಳೆಯ ಗಾಳಿ, ಹಾಲು, ಮೊಟ್ಟೆ, ವಿಶ್ರಾಂತಿ. ಕೂಲಿಯವನಿಗೆ ಇದೆಲ್ಲ ಎಲ್ಲಿಂದ ಬರಬೇಕು? ಹಾಸಿಗೆಗಳಾದರೂ ಎಷ್ಟಿದ್ದವು? ಮದ್ರಾಸಿನಲ್ಲಿ 1956ರಲ್ಲಿ ಒಂದು ಪ್ರಯೋಗ ಶುರುವಾಯಿತು. ಬಡ ರೋಗಿಗಳಲ್ಲಿ ಅರ್ಧ ಜನರನ್ನು ಸ್ಯಾನಟೋರಿಯಂಗೆ ಕಳಿಸಿದರು, ಇನ್ನರ್ಧ ಜನರನ್ನು ಅವರವರ ಗುಡಿಸಲಲ್ಲೇ ಬಿಟ್ಟು ಅದೇ ಮಾತ್ರೆ ಒಂದು ವರ್ಷ ಕೊಟ್ಟರು. ಯಾರು ಎಲ್ಲಿಗೆ ಎಂಬುದು ಚೀಟಿ ಎತ್ತಿದ ಹಾಗೆ ತೀರ್ಮಾನ. 1959ರಲ್ಲಿ ಫಲಿತಾಂಶ ಬಂತು: ಮನೆಯಲ್ಲಿದ್ದವರೂ ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ಗುಣವಾಗಿದ್ದರು, ಅವರಿಂದ ಮನೆಯವರಿಗೆ ಹೆಚ್ಚು ಸೋಂಕೂ ತಗುಲಿರಲಿಲ್ಲ. ಜಗತ್ತಿನಾದ್ಯಂತ ಸ್ಯಾನಟೋರಿಯಂಗಳ ಕಾಲ ಮುಗಿಯಲು ಇದೊಂದು ದೊಡ್ಡ ಕಾರಣ. ಇವತ್ತು ಟಿ.ಬಿ. ಬಂದವನು ಮನೆಯಲ್ಲೇ ಕೂತು ಮಾತ್ರೆ ನುಂಗುತ್ತಾನಲ್ಲ, ಅದು ಆ ಮದ್ರಾಸಿನ ಗುಡಿಸಲುಗಳವರು ಕೊಟ್ಟ ವರ.

ಟಿ.ಬಿ.ಯೂ ಎಚ್.ಐ.ವಿ.ಯೂ ಜೊತೆಗೂಡಿ ಬಂದರೆ ಇನ್ನೂ ಕಷ್ಟ. ಎಚ್.ಐ.ವಿ. ಇರುವವರನ್ನು ಇವತ್ತಿಗೂ ಅತಿ ಹೆಚ್ಚು ಕೊಲ್ಲುವ ರೋಗ ಟಿ.ಬಿ.ಯೇ. ಎರಡಕ್ಕೂ ಮಾತ್ರೆ ಇದೆ, ಆದರೆ ಎರಡನ್ನೂ ಒಟ್ಟಿಗೆ ಶುರು ಮಾಡಿದರೆ ಮೈ ತಡೆಯುತ್ತದೆಯೇ? ಟಿ.ಬಿ. ಮಾತ್ರೆ ಶುರುವಾಗಿ ಎರಡು ವಾರಕ್ಕೆ ಎಚ್.ಐ.ವಿ. ಮಾತ್ರೆ ಕೊಡಬೇಕೋ, ಎಂಟು ವಾರ ಕಾಯಬೇಕೋ? ದೊಡ್ಡ ದೊಡ್ಡ ಡಾಕ್ಟರುಗಳೇ ತಲೆ ಕೆರೆದುಕೊಂಡಿದ್ದರು. ಕಾಂಬೋಡಿಯಾದಲ್ಲಿ, ಮೈಯ ಶಕ್ತಿ ತೀರಾ ಕುಸಿದಿದ್ದ 661 ಜನರ ಮೇಲೆ ಪ್ರಯೋಗ ನಡೆಯಿತು. 2011ರಲ್ಲಿ ಲೆಕ್ಕ ಹೊರಬಿತ್ತು. ಎರಡು ವಾರಕ್ಕೆ ಶುರು ಮಾಡಿದ 332 ಜನರಲ್ಲಿ ಸತ್ತವರು 59. ಎಂಟು ವಾರ ಕಾದ 329 ಜನರಲ್ಲಿ ಸತ್ತವರು 90.

ಈ ಎರಡು ಅಂಕಿಗಳನ್ನು ಮತ್ತೊಮ್ಮೆ ಓದಿ. ಇಂಥ ಪ್ರಯೋಗದಲ್ಲಿ ಪಣಕ್ಕಿಟ್ಟಿರುವುದು ಏನು ಎಂಬುದು ಅಲ್ಲಿದೆ. ಯಾವ ಗುಂಪಿಗೆ ಬೀಳುತ್ತೀರಿ ಎಂಬುದರ ಮೇಲೆ ಸಾವು ಬದುಕು ನಿಂತಿರಬಹುದು. ಯಾವ ಗುಂಪು ಬದುಕುತ್ತದೆ ಎಂದು ಮೊದಲೇ ಯಾರಿಗೂ ಗೊತ್ತಿರುವುದಿಲ್ಲ. ಗೊತ್ತಿಲ್ಲದ್ದರಿಂದಲೇ ಪ್ರಯೋಗ. ಇಷ್ಟು ದೊಡ್ಡ ಮಾತನ್ನು ಒಬ್ಬ ಮನುಷ್ಯನಿಗೆ ಹೇಳಿ, ‘ಬರುತ್ತೀಯಾ?’ ಎಂದು ಕೇಳಬೇಕಾದಾಗ ‘ತೋಳಿಗೆ ನಿಯೋಜಿಸಲ್ಪಡುವಿರಿ’ ಎಂದರೆ ಅದು ಬರೀ ಭಾಷೆಯ ತಪ್ಪಲ್ಲ, ಮನುಷ್ಯನಿಗೆ ಮಾಡುವ ಮೋಸ.

ನಮ್ಮ ಹಳ್ಳಿಗಳೇ ಕೊಟ್ಟ ವಿದ್ಯೆ

ಇದೆಲ್ಲ ಮದ್ರಾಸು, ಕಾಂಬೋಡಿಯಾದ ಕಥೆ, ನಮಗೇನು ಎನ್ನುತ್ತೀರಾ? ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1959ರಿಂದ ಇದೆ. ಅದರ ಮುಂದೆ ಬಸ್ಸಿನಲ್ಲಿ ನೂರು ಸಲ ಹೋಗಿದ್ದೀರಿ, ಒಳಗೆ ಏನು ನಡೆಯಿತೆಂದು ಕೇಳಿಲ್ಲ.

ತುಮಕೂರು ಜಿಲ್ಲೆಯಲ್ಲಿ ಈ ಸಂಸ್ಥೆಯವರು ಕ್ಷಯ ಇರುವವರನ್ನು ಹುಡುಕಿ ಮಾತಾಡಿಸಿದರು. ಆಗ ಪಂಡಿತರೆಲ್ಲರ ನಂಬಿಕೆ ಒಂದೇ: ಹಳ್ಳಿಯವರು ಮೂಢರು, ಕೆಮ್ಮು ಬಂದರೆ ದೇವರ ಮೊರೆ ಹೋಗುತ್ತಾರೆ, ಆಸ್ಪತ್ರೆಗೆ ಬರುವುದಿಲ್ಲ. ಡಿ. ಬ್ಯಾನರ್ಜಿ ಮತ್ತು ಆಂಡರ್ಸನ್ ಎಂಬಿಬ್ಬರು 1963ರಲ್ಲಿ ಪ್ರಕಟಿಸಿದ ವರದಿ ಆ ನಂಬಿಕೆಯ ಬುಡವನ್ನೇ ಕಿತ್ತಿತು. ರೋಗ ಇದ್ದವರಲ್ಲಿ ಬಹುಪಾಲು ಎಲ್ಲರಿಗೂ ತಮ್ಮ ಮೈಯಲ್ಲಿ ಏನೋ ಕೆಟ್ಟಿದೆ ಎಂದು ಗೊತ್ತಿತ್ತು. ಅರ್ಧಕ್ಕಿಂತ ಹೆಚ್ಚು ಜನ ಆಗಲೇ ಆಸ್ಪತ್ರೆಯ ಬಾಗಿಲು ತಟ್ಟಿದ್ದರು. ಅಲ್ಲಿ ಅವರಿಗೆ ಸಿಕ್ಕಿದ್ದು ಕೆಮ್ಮಿನ ಔಷಧಿಯ ಬಾಟಲಿ! ಮೂಢರು ಯಾರು, ಹಳ್ಳಿಯವರೋ ಆಸ್ಪತ್ರೆಯೋ? ದೇಶದ ಕ್ಷಯ ಕಾರ್ಯಕ್ರಮವನ್ನು ಸಾಮಾನ್ಯ ಆಸ್ಪತ್ರೆಗಳೊಳಗೇ ಕಟ್ಟಬೇಕೆಂಬ ಮಾತಿಗೆ ತುಮಕೂರಿನ ಈ ಜನರ ಉತ್ತರವೇ ಬಲ ಕೊಟ್ಟಿತು.

ಇನ್ನೊಂದಿದೆ, ಅದನ್ನು ಹೇಳಲು ಎದೆ ಗಟ್ಟಿ ಮಾಡಿಕೊಳ್ಳಬೇಕು. 1961ರಿಂದ 1968ರವರೆಗೆ ಬೆಂಗಳೂರು ಜಿಲ್ಲೆಯ 119 ಹಳ್ಳಿಗಳಲ್ಲಿ ಅದೇ ಸಂಸ್ಥೆಯವರು ಮತ್ತೆ ಮತ್ತೆ ಹೋಗಿ ಕಫ ಪರೀಕ್ಷೆ ಮಾಡಿದರು. ಮೊದಲ ಸುತ್ತಿನಲ್ಲಿ ಸಿಕ್ಕ ರೋಗಿಗಳು ಐದು ವರ್ಷದಲ್ಲಿ ಏನಾದರು ಎಂದು ಲೆಕ್ಕ ಇಟ್ಟರು. ಹೆಚ್ಚುಕಡಿಮೆ ಅರ್ಧ ಜನ ಸತ್ತಿದ್ದರು. ಮೂರನೇ ಒಂದು ಭಾಗ ತಾವಾಗೇ ಚೇತರಿಸಿಕೊಂಡಿದ್ದರು. ಉಳಿದವರು ಕಫದಲ್ಲಿ ಕ್ರಿಮಿ ಹೊತ್ತು ತಿರುಗುತ್ತಲೇ ಇದ್ದರು. ಸರಿಯಾದ ಚಿಕಿತ್ಸೆ ಇಲ್ಲದಿದ್ದರೆ ಕ್ಷಯ ಏನು ಮಾಡುತ್ತದೆ ಎಂದು ಜಗತ್ತಿನ ಪುಸ್ತಕಗಳು ಹೇಳುವಾಗ ನಮ್ಮ ಈ ಹಳ್ಳಿಗಳ ಲೆಕ್ಕವನ್ನು ಎತ್ತಿ ತೋರಿಸುತ್ತವೆ. 1974ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಅದು ಇಂಗ್ಲಿಷಿನಲ್ಲಿ ಅಚ್ಚಾಯಿತು. ಆ ಸತ್ತವರ ಮೊಮ್ಮಕ್ಕಳು ಇವತ್ತು ಬೆಂಗಳೂರಿನ ಸುತ್ತ ಸೈಟು ಮಾರುತ್ತಿರಬಹುದು, ಆಟೋ ಓಡಿಸುತ್ತಿರಬಹುದು, ಈ ಪತ್ರಿಕೆಯನ್ನೇ ಓದುತ್ತಿರಬಹುದು. ತಮ್ಮ ಅಜ್ಜನ ಕಫ ಜಗತ್ತಿಗೆ ಪಾಠವಾಯಿತೆಂದು ಅವರಿಗೆ ಕನ್ನಡದಲ್ಲಿ ಹೇಳಿದವರು ಯಾರು?

ಹಾಗೆಂದು ಎಲ್ಲರನ್ನೂ ಒಂದೇ ಕೋಲಿನಲ್ಲಿ ಹೊಡೆಯಲಾರೆ. ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಇದ್ದಾರೆ. ಅವರು ಜೊತೆಗಾರರೊಂದಿಗೆ ಜಾರ್ಖಂಡಿನಲ್ಲಿ 2019ರಿಂದ 2022ರವರೆಗೆ ಒಂದು ಪ್ರಯೋಗ ನಡೆಸಿದರು. ಹೊಸ ಮಾತ್ರೆಯದ್ದಲ್ಲ, ಅಕ್ಕಿ ಬೇಳೆಯದ್ದು! ಟಿ.ಬಿ. ಬಂದ 2,800 ಮಂದಿಗೆ ಚಿಕಿತ್ಸೆಯ ಜೊತೆ ಆಹಾರದ ಬುಟ್ಟಿ ಕೊಟ್ಟರು. ಅವರ ಮನೆಮಂದಿಯಲ್ಲಿ, ಅಂದರೆ 10,345 ಜನರಲ್ಲಿ, ಒಂದು ಗುಂಪಿನ ಮನೆಗಳಿಗೆ ಎಲ್ಲರಿಗೂ ರೇಷನ್ನು, ಇನ್ನೊಂದು ಗುಂಪಿನ ಮನೆಗಳಲ್ಲಿ ರೋಗಿಗೆ ಮಾತ್ರ. ಎಲ್ಲರೂ ಹೊಟ್ಟೆ ತುಂಬ ಉಂಡ ಮನೆಗಳಲ್ಲಿ ಹೊಸದಾಗಿ ಟಿ.ಬಿ. ಬರುವುದು 39 ಪರ್ಸೆಂಟ್ ಕಡಿಮೆಯಾಯಿತು. ಇತರರಿಗೆ ಹರಡಬಲ್ಲ ಶ್ವಾಸಕೋಶದ ಟಿ.ಬಿ. 48 ಪರ್ಸೆಂಟ್ ಕಡಿಮೆಯಾಯಿತು. 2023ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಗಳಲ್ಲಿ ಬಂತು. ಅನ್ನವೇ ಔಷಧಿ ಎಂದು ನಮ್ಮ ಅಜ್ಜಿಯೂ ಹೇಳುತ್ತಿದ್ದಳು, ನಿಜ. ಆದರೆ ಅಜ್ಜಿಯ ಮಾತಿಗೆ ಸರಕಾರ ದುಡ್ಡು ಬಿಚ್ಚುವುದಿಲ್ಲ. 39, 48 ಎಂಬ ಅಂಕಿ ಹಿಡಿದು ವಿಧಾನಸೌಧದ ಮುಂದೆ ನಿಲ್ಲಬಹುದು. ಇಂಥ ಸಂಶೋಧನೆಗೆ ನಾನು ಕೈ ಮುಗಿಯುತ್ತೇನೆ. ಕೈ ಮುಗಿಯುವುದರಿಂದಲೇ ಕೇಳುವ ಹಕ್ಕೂ ನನಗಿದೆ.

ಕಾನೂನು ಏನನ್ನುತ್ತದೆ?

ಹೊಸ ಔಷಧಿ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು ಬಂದದ್ದು 2019ರಲ್ಲಿ. ರೋಗಿಗೆ ಬಾಯಲ್ಲೂ ಹೇಳಬೇಕು, ಬರಹದಲ್ಲೂ ಕೊಡಬೇಕು. ಅದು ತಾಂತ್ರಿಕವಲ್ಲದ, ಅವನಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು ಎಂದು ಅಲ್ಲಿ ಸ್ಪಷ್ಟವಾಗಿದೆ. ಓದು ಬಾರದವನಾದರೆ ಯಾರ ಕಡೆಗೂ ಸೇರದ ಸಾಕ್ಷಿಯೊಬ್ಬ ಮೊದಲಿಂದ ಕೊನೆಯವರೆಗೆ ಪಕ್ಕದಲ್ಲಿ ಕೂತಿದ್ದು ಸಹಿ ಹಾಕಬೇಕು. ಪತ್ರದ ಒಂದು ಪ್ರತಿ ರೋಗಿಯ ಕೈಗೆ ಹೋಗಬೇಕು. ನೀತಿ ಸಮಿತಿಯಲ್ಲಿ ಕನಿಷ್ಠ 7 ಜನ ಇರಬೇಕು, ಅರ್ಧದಷ್ಟು ಜನ ಹೊರಗಿನವರಾಗಿರಬೇಕು, ಒಬ್ಬರು ನಮ್ಮ ನಿಮ್ಮಂಥ ಸಾಮಾನ್ಯರಾಗಿರಬೇಕು. ಎಚ್.ಐ.ವಿ.ಗೆ ಬೇರೆ ಕಾನೂನೇ ಇದೆ, 2017ರದು. ತಿಳಿದು ಕೊಟ್ಟ ಒಪ್ಪಿಗೆಯಿಲ್ಲದೆ ಎಚ್.ಐ.ವಿ. ಇರುವವರ ಮೇಲೆ ಸಂಶೋಧನೆ ಮಾಡುವಂತಿಲ್ಲ.

ಕೆಲವು ಪ್ರಯೋಗಗಳಲ್ಲಿ ಒಪ್ಪಿಗೆ ಪಡೆಯುವುದನ್ನು ವಿಡಿಯೋ ಮಾಡಬೇಕೆಂದೂ ಇದೆ. ಎಚ್.ಐ.ವಿ. ಔಷಧಿಯ ಪ್ರಯೋಗವಾದರೆ ಮುಖ ಕಾಣಬಾರದೆಂದು ಧ್ವನಿ ಮಾತ್ರ ಸಾಕು. ಮಾನ ಮರ್ಯಾದೆಯ ಪ್ರಶ್ನೆ, ಸರಿಯಾದದ್ದೇ. ಅಂದರೆ ಬೀರುವಿನಲ್ಲೆಲ್ಲೋ ಧ್ವನಿ ಇದೆ! ಆ ಧ್ವನಿ ಏನನ್ನುತ್ತಿದೆ? ಡಾಕ್ಟರು ಕನ್ನಡ ಬಾರದವರು, ನರ್ಸಮ್ಮ ನಡುವೆ ನಿಂತು ಎರಡು ಪುಟವನ್ನು ‘ಏನಿಲ್ಲಮ್ಮ, ಒಂದು ಸೈನು’ ಎಂದು ಮೂರೇ ಪದದಲ್ಲಿ ಮುಗಿಸಿದ್ದರೆ ಧ್ವನಿಮುದ್ರಣ ಅದನ್ನೂ ಹಿಡಿದಿರುತ್ತದೆ. ಅದನ್ನು ಕೂತು ಕೇಳುವ ಕನ್ನಡದ ಕಿವಿ ಆ ಸಮಿತಿಯಲ್ಲಿ ಇರಬೇಕೋ ಬೇಡವೋ?

ಸರಕಾರಿ ಆಸ್ಪತ್ರೆಯ ಬೆಂಚಿನ ಮೇಲೆ ಕೂತವನ ಸ್ಥಿತಿ ನೆನೆಸಿಕೊಳ್ಳಿ. ತಿಂಗಳು ತಿಂಗಳು ಬಿಟ್ಟಿ ಮಾತ್ರೆ ತೆಗೆದುಕೊಳ್ಳಲು ಬರುವವನು. ಆಗುವುದಿಲ್ಲ ಎಂದರೆ ಈ ಮಾತ್ರೆಯೂ ನಿಂತುಹೋದರೆ ಎಂಬ ಭಯ ಅವನಿಗೆ. ನಿಲ್ಲುವುದಿಲ್ಲ. ಬೇಡ ಎನ್ನುವುದು ಅವನ ಹಕ್ಕು, ನಡುವೆ ಬಿಟ್ಟು ಬರುವುದೂ ಅವನ ಹಕ್ಕು. ಪತ್ರದ ಒಂಬತ್ತನೇ ಪುಟದಲ್ಲಿ ಅದು ಇತ್ತು ಕೂಡ: ‘ಭಾಗವಹಿಸುವಿಕೆಯು ಸ್ವಯಂಪ್ರೇರಿತವಾಗಿದ್ದು ಹಿಂತೆಗೆತವು ಆರೈಕೆಯ ಗುಣಮಟ್ಟವನ್ನು ಬಾಧಿಸತಕ್ಕದ್ದಲ್ಲ.’ ಅವನ ಭಯ ಒಂದಿಷ್ಟಾದರೂ ಕಡಿಮೆಯಾಯಿತೇ?

ಇಷ್ಟು ವಿಷಯವನ್ನು ಕನ್ನಡದಲ್ಲಿ ಹೇಳಲು ಸಾಧ್ಯವೇ ಇಲ್ಲ ಎಂದು ಮೂಗು ಮುರಿಯುವ ದೊರೆಗಳಿಗೆ, ಪಿ.ಯು.ಸಿ. ಓದಿದ ಈ ಅಚ್ಚಿನವನು ಬರೆದು ತೋರಿಸುತ್ತಾನೆ, ನೋಡಿ:

‘ಅಮ್ಮಾ, ಟಿ.ಬಿ.ಗೆ ಈಗ ಎಲ್ಲರಿಗೂ ಕೊಡುವ ಔಷಧಿ ಒಂದಿದೆ. ಇನ್ನೊಂದು ಹೊಸದು ಬಂದಿದೆ. ಹೊಸದು ಹಳೆಯದಕ್ಕಿಂತ ಒಳ್ಳೆಯದೋ ಅಲ್ಲವೋ ನಮಗೂ ಗೊತ್ತಿಲ್ಲ. ಗೊತ್ತಿದ್ದರೆ ನಿಮ್ಮನ್ನು ಕೇಳುತ್ತಲೇ ಇರಲಿಲ್ಲ. ತಿಳಿಯಬೇಕಾದರೆ ಕೆಲವರಿಗೆ ಅದು, ಕೆಲವರಿಗೆ ಇದು ಕೊಟ್ಟು ನೋಡಬೇಕು. ಯಾರಿಗೆ ಯಾವುದು ಎಂದು ನಾವೂ ಆರಿಸುವುದಿಲ್ಲ, ನೀವೂ ಆರಿಸುವಂತಿಲ್ಲ. ಚೀಟಿ ಎತ್ತಿದ ಹಾಗೆ ಕಂಪ್ಯೂಟರು ಹೇಳುತ್ತದೆ. ನಿಮಗೆ ಯಾವುದು ಬಂತೆಂದು ನಿಮಗೂ ಹೇಳುವುದಿಲ್ಲ, ನಿಮ್ಮನ್ನು ನೋಡುವ ಡಾಕ್ಟರಿಗೂ ಹೇಳುವುದಿಲ್ಲ. ಹೇಳಿದರೆ ಅವರ ಮನಸ್ಸು ಒಂದು ಕಡೆ ವಾಲಬಹುದು. ಜೀವಕ್ಕೆ ತೊಂದರೆ ಬಂದರೆ ಮಾತ್ರ ಆ ಗುಟ್ಟು ಬಿಚ್ಚಿ ನೋಡುತ್ತೇವೆ. ಬೇಡ ಅನ್ನಿಸಿದ ದಿನ ಬಿಡಿ, ಕಾರಣ ಹೇಳಬೇಕಿಲ್ಲ. ಈಗ ಬರುತ್ತಿರುವ ಸರಕಾರದ ಮಾತ್ರೆ ನಿಲ್ಲುವುದಿಲ್ಲ. ತೊಂದರೆಯಾದರೆ ಚಿಕಿತ್ಸೆಯ ಖರ್ಚು ನಮ್ಮದು. ಈ ಔಷಧಿಯಿಂದಲೇ ಆದ ತೊಂದರೆಯಾದರೆ ಪರಿಹಾರದ ದುಡ್ಡೂ ಕೊಡಬೇಕೆಂದು ಕಾನೂನಿದೆ. ಮನೆಗೆ ಹೋಗಿ ಮಕ್ಕಳ ಹತ್ತಿರ ಮಾತಾಡಿ, ಆಮೇಲೆ ಬನ್ನಿ.’

ಆಯಿತಲ್ಲ! ಎಲ್ಲಿ ಸ್ವಾಮಿ ಕನ್ನಡಕ್ಕೆ ಬಡತನ? ದ್ವಿ-ಅಂಧವೂ ಬಂತು, ಯಾದೃಚ್ಛಿಕವೂ ಬಂತು, ಒಂದು ತೋಳೂ ಮುರಿಯಲಿಲ್ಲ. ಕನ್ನಡಕ್ಕೆ ಶಕ್ತಿಯಿಲ್ಲ ಎನ್ನುವುದು ಸೋಮಾರಿಗಳ ಮಾತು. ಇಂಗ್ಲಿಷಿನ ಒಂದೊಂದು ಪದಕ್ಕೂ ಸಂಸ್ಕೃತದ ಒಂದೊಂದು ಕಲ್ಲು ಹೇರುವ ನಮ್ಮದೇ ಪಂಡಿತರೂ ಈ ಸೋಮಾರಿಗಳ ಸೋದರರೇ.

ನಮ್ಮವರ ಮೇಲೂ ಸಿಟ್ಟಿದೆ

ಬೋರ್ಡುಗಳಲ್ಲಿ 60 ಪರ್ಸೆಂಟ್ ಕನ್ನಡ ಇರಬೇಕೆಂದು 2023ರ ಡಿಸೆಂಬರಿನಲ್ಲಿ ಬೀದಿಗಿಳಿದೆವು, 2024ರಲ್ಲಿ ಕಾನೂನಿಗೆ ತಿದ್ದುಪಡಿ ಬಂತು. ಆ ಹೋರಾಟದ ಪೋಸ್ಟರು ಅಚ್ಚು ಹಾಕಿದವರಲ್ಲಿ ನಾನೂ ಒಬ್ಬ, ಅದರ ಬಗ್ಗೆ ಹೆಮ್ಮೆಯೇ ಇದೆ. ಆಸ್ಪತ್ರೆಯ ಬೋರ್ಡಿಗೆ 60 ಪರ್ಸೆಂಟ್ ಸಿಕ್ಕಿತು. ಆ ಬೋರ್ಡಿನ ಕೆಳಗಿನಿಂದ ಒಳಗೆ ಹೋದ ರೋಗಿಗೆ ಎಷ್ಟು ಪರ್ಸೆಂಟ್ ಸಿಕ್ಕಿತು? ಏಣಿ ಹತ್ತಿ ಬೋರ್ಡಿಗೆ ಮಸಿ ಬಳಿಯುವುದು ಸುಲಭ, ಫೋಟೋ ಬರುತ್ತದೆ. ಹನ್ನೊಂದು ಪುಟದ ಒಪ್ಪಿಗೆ ಪತ್ರವನ್ನು ಕೂತು ಓದಿದರೆ ಯಾವ ಪೇಪರಿನವನೂ ಫೋಟೋ ತೆಗೆಯುವುದಿಲ್ಲ!

ಇನ್ನೊಂದು ಮಾತು, ಕೆಲವರಿಗೆ ಇದು ಸೇರುವುದಿಲ್ಲ. ಬೆಂಗಳೂರಿನ ಟಿ.ಬಿ. ರೋಗಿ ಎಂದರೆ ಕನ್ನಡದವನೇ ಎಂದಲ್ಲ. ಉರ್ದು ಮಾತಾಡುವ ಬೀಡಿ ಕಟ್ಟುವವಳಿದ್ದಾಳೆ, ತಮಿಳಿನ ಪೌರಕಾರ್ಮಿಕನಿದ್ದಾನೆ, ಕಟ್ಟಡ ಕಟ್ಟಲು ಒಡಿಶಾದಿಂದ ಬಂದವನಿದ್ದಾನೆ. ಅವನ ಎದೆಯ ಪ್ರಶ್ನೆ ಬಂದಾಗ ಅವನಿಗೆ ಅವನ ಭಾಷೆಯ ಪತ್ರವೇ ಸಿಗಬೇಕು. ನನ್ನ ಭಾಷೆಯ ಹಕ್ಕನ್ನು ಕೇಳುವ ನಾಲಿಗೆಯಲ್ಲಿ ಅವನ ಹಕ್ಕನ್ನು ಅಲ್ಲಗಳೆದರೆ ನಾನೂ ‘ವಿಷಯದ ಸಹಿ’ ಬರೆದವನ ಜಾತಿಗೇ ಸೇರುತ್ತೇನೆ. ಅಷ್ಟೇಕೆ, ನಮ್ಮ ಕನ್ನಡದೊಳಗೇ ಎಷ್ಟು ಕನ್ನಡ! ಎಚ್.ಐ.ವಿ. ಒಂದು ಕಾಲಕ್ಕೆ ಬಹಳ ಹೆಚ್ಚಿದ್ದದ್ದು ಬಾಗಲಕೋಟೆ, ಬೆಳಗಾವಿ, ವಿಜಯಪುರದ ಕಡೆ. ಬೆಂಗಳೂರಿನಲ್ಲಿ ಕೂತು ಬರೆದ ಪತ್ರವನ್ನು ಮುಧೋಳದ ತಾಯಿಯ ಮುಂದಿಟ್ಟರೆ ಆಕೆ ‘ಏನಂತಾರ್ರಿ ಇವ್ರು?’ ಎಂದು ಪಕ್ಕದವರನ್ನು ಕೇಳಬೇಕಾಗುತ್ತದೆ.

ಭಾಷೆ ಸರಿಯಾದರೆ ಎಲ್ಲವೂ ಸರಿಹೋಗುತ್ತದೆ ಎಂದೂ ನಾನು ಡಂಗುರ ಹೊಡೆಯುವುದಿಲ್ಲ. ದಕ್ಷಿಣ ಭಾರತದಲ್ಲಿ ಬೆಂಗಳೂರಿನ ವೈದ್ಯರು ಸೇರಿ ನಡೆಸಿದ ಒಂದು ಪ್ರಯೋಗ 2014ರಲ್ಲಿ ಪ್ರಕಟವಾಯಿತು. ಎಚ್.ಐ.ವಿ. ಮಾತ್ರೆ ಶುರು ಮಾಡಿದ 631 ಜನರಲ್ಲಿ ಅರ್ಧದಷ್ಟು ಜನರ ಮೊಬೈಲಿಗೆ ವಾರಕ್ಕೊಮ್ಮೆ ಮುದ್ರಿಸಿಟ್ಟ ಧ್ವನಿಯ ಕರೆ, ಒಂದು ಚಿತ್ರದ ಸಂದೇಶ ಹೋಗುತ್ತಿತ್ತು. ಮಾತ್ರೆ ತಪ್ಪಿಸಬೇಡಿ ಎಂಬ ನೆನಪು. ಕರೆ ಹೋದವರಿಗೂ ಹೋಗದವರಿಗೂ ಫಲಿತಾಂಶದಲ್ಲಿ ವ್ಯತ್ಯಾಸ ಕಾಣಲಿಲ್ಲ. ಹಾಗೆಂದು ಮುಚ್ಚಿಡದೆ ಬರೆದರಲ್ಲ, ಅದೇ ಪ್ರಾಮಾಣಿಕತೆ. ನನಗೆ ಅನ್ನಿಸುವುದಿಷ್ಟು: ಮೆಷಿನ್ನಿನ ಧ್ವನಿ ಮಾತಾಡುತ್ತದೆ, ಮರುಪ್ರಶ್ನೆ ಕೇಳಿಸಿಕೊಳ್ಳುವುದಿಲ್ಲ. ಜನಕ್ಕೆ ಬೇಕಾದದ್ದು ಪ್ರಶ್ನೆ ಕೇಳಲು ಒಬ್ಬ ಮನುಷ್ಯ.

ಫಲಿತಾಂಶದ ಮಾತಿಗೆ ಬಂದರೆ ಅಲ್ಲಿಯೂ ಕತ್ತಲೆ. ಚೆನ್ನೈ, ಪುಣೆ ಸೇರಿ 9 ದೇಶಗಳಲ್ಲಿ 1,763 ಜೋಡಿಗಳ ಮೇಲೆ ನಡೆದ ದೊಡ್ಡ ಪ್ರಯೋಗ 2011ರಲ್ಲಿ ತೋರಿಸಿತು: ಎಚ್.ಐ.ವಿ. ಇರುವವರಿಗೆ ಬೇಗ ಮಾತ್ರೆ ಶುರು ಮಾಡಿದರೆ ಸಂಗಾತಿಗೆ ಸೋಂಕು ತಗುಲುವುದು 96 ಪರ್ಸೆಂಟ್ ತಪ್ಪುತ್ತದೆ. ಆಮೇಲಿನ ಸಂಶೋಧನೆಗಳು ಇನ್ನೂ ಮುಂದೆ ಹೋದವು. ಮಾತ್ರೆ ತಪ್ಪದೆ ತಿಂದು, ರಕ್ತದಲ್ಲಿ ವೈರಸ್ಸು ಪರೀಕ್ಷೆಗೆ ಕಾಣದಷ್ಟು ಇಳಿದು ಹಾಗೇ ಉಳಿದವರಿಂದ ಲೈಂಗಿಕ ಸಂಪರ್ಕದಲ್ಲಿ ಸೋಂಕು ಹರಡುವುದೇ ಇಲ್ಲ. ಈ ಒಂದು ವಾಕ್ಯ ಕನ್ನಡದಲ್ಲಿ ಊರೂರಿಗೆ ತಲುಪಿದ್ದರೆ ಎಷ್ಟು ಸೊಸೆಯರು ಮನೆಯಲ್ಲೇ ಉಳಿಯುತ್ತಿದ್ದರು, ಎಷ್ಟು ಬಾಡಿಗೆ ಮನೆಯವರು ಖಾಲಿ ಮಾಡಿಸುತ್ತಿರಲಿಲ್ಲ! ನೀವು ಇದನ್ನು ಮೊದಲೇ ಕೇಳಿದ್ದಿರಾ? ಕೈ ಎತ್ತಿ ನೋಡೋಣ.

ಹಾಗಾದರೆ ಏನು ಮಾಡಬೇಕು ಎಂದರೆ, ನಿಮ್ಮಲ್ಲಿ ಓದಿದವರಿದ್ದೀರಿ, ಕಂಪ್ಯೂಟರ್ ಬಲ್ಲವರಿದ್ದೀರಿ. ಈ ದೇಶದಲ್ಲಿ ನಡೆಯುವ ಔಷಧಿ ಪ್ರಯೋಗಗಳನ್ನು ಸರಕಾರದ ರಿಜಿಸ್ಟ್ರಿಯಲ್ಲಿ ಮೊದಲೇ ದಾಖಲಿಸಬೇಕೆಂದು 2009ರಿಂದ ಕಡ್ಡಾಯವಾಗಿದೆ. ಯಾರು ಬೇಕಾದರೂ ನೋಡಬಹುದು. ನಿಮ್ಮ ಊರಿನ ಯಾವ ಆಸ್ಪತ್ರೆಯಲ್ಲಿ ಏನು ನಡೆಯುತ್ತಿದೆ ಎಂದು ಪಟ್ಟಿ ಮಾಡಿ. ಆ ಆಸ್ಪತ್ರೆಯ ನೀತಿ ಸಮಿತಿಗೆ ಮರ್ಯಾದೆಯಿಂದ ಕಾಗದ ಬರೆಯಿರಿ: ನಿಮ್ಮಲ್ಲಿರುವ ಸಾಮಾನ್ಯ ಸದಸ್ಯರಿಗೆ ಕನ್ನಡ ಓದಲು ಬರುತ್ತದೆಯೇ? ಕನ್ನಡದ ಪತ್ರವನ್ನು ಒಪ್ಪುವ ಮೊದಲು ಏಳನೇ ಕ್ಲಾಸು ಓದಿದ ಒಬ್ಬರಿಗಾದರೂ ಓದಿ ಹೇಳಿದ್ದೀರಾ? ಕಲ್ಲೂ ಬೇಡ, ಮಸಿಯೂ ಬೇಡ. ಡಾಕ್ಟರ ಮೇಲೆ ಕೈ ಎತ್ತಿದವನು ನಮ್ಮವನಲ್ಲ. ನಿಮ್ಮ ಅಪ್ಪನಿಗೋ ಅತ್ತೆಗೋ ಇಂಥ ಪತ್ರ ಬಂದರೆ ಪ್ರತಿ ಇಸಿದುಕೊಳ್ಳಿ, ಮನೆಗೆ ತನ್ನಿ, ಗಟ್ಟಿಯಾಗಿ ಓದಿ. ಅರ್ಥವಾಗದ ಸಾಲಿಗೆ ಗೆರೆ ಎಳೆದು ವಾಪಸು ಒಯ್ದು ಕೇಳಿ. ಗೆರೆಗಳೆಲ್ಲ ಅಳಿಸಿದ ಮೇಲೆ ಸೇರುವುದೋ ಬಿಡುವುದೋ ಅವರ ಇಷ್ಟ.

ಮೊನ್ನೆ ನನ್ನ ಪ್ರೆಸ್ಸಿಗೆ ಮತ್ತೊಂದು ಒಪ್ಪಿಗೆ ಪತ್ರ ಬಂತು. ಬೇರೆ ಆಸ್ಪತ್ರೆ, ಬೇರೆ ಹುಡುಗಿ. ಕನ್ನಡ ಮೊದಲಿನದಕ್ಕಿಂತ ವಾಸಿ, ‘ವಿಷಯ’ ಹೋಗಿ ‘ಭಾಗಿ’ ಆಗಿದೆ. ಈ ಸಲ ಡಿ.ಟಿ.ಪಿ. ಮುಗಿದ ಕೂಡಲೇ ಪ್ರೂಫನ್ನು ಅಕ್ಕನ ಕೈಗೆ ಕೊಟ್ಟು, ನಿಧಾನವಾಗಿ ಓದಿ ಎಂದೆ. ಅವರು ಊಟದ ಹೊತ್ತಿನಲ್ಲಿ ಕೂತು ಪೂರ್ತಿ ಓದಿ ಮೂರು ಪ್ರಶ್ನೆ ಕೇಳಿದರು. “ಈ ಮಾತ್ರೆ ತಿಂದುಕೊಂಡು ಕೆಲಸಕ್ಕೆ ಹೋಗಬಹುದಾ? ಒಂದು ಸಲಕ್ಕೆ ಎಷ್ಟು ರಕ್ತ ತೆಗೀತಾರೆ? ಎಲ್ಲ ಮುಗಿದ ಮೇಲೆ ಆ ಹೊಸ ಮಾತ್ರೆ ಒಳ್ಳೇದು ಅಂತ ಗೊತ್ತಾದರೆ ನಮ್ಮಂಥೋರಿಗೆ ಸಿಗುತ್ತಾ?”

ಮೂರನ್ನೂ ಅವರ ಮಾತಲ್ಲೇ ಬರೆದು ಪ್ರೂಫಿನ ಜೊತೆ ಪಿನ್ ಮಾಡಿ ಕಳಿಸಿದ್ದೇನೆ. ಎರಡು ವಾರವಾಯಿತು, ಉತ್ತರ ಬಂದಿಲ್ಲ. ನಾನಿನ್ನೂ ಪ್ಲೇಟ್ ಮಾಡಿಸಿಲ್ಲ.